ಬೆಕ್ಕಿಗೆ ವಾರ ವಾರ ಸ್ನಾನ ಬೇಕಾ? ಉಗುರು ಕತ್ತರಿಸಬಹುದಾ? ತುಮಕೂರಿನವರು ಯಾರಾದರೂ ಹೇಳಿ

ಶೆಟ್ಟಿಹಳ್ಳಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮದು ನಾಟಿ ಬೆಕ್ಕು, ಹೆಸರು ರಾಣಿ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ. ಹಳೆಯ ಮನೆಯಲ್ಲಿ ಹಿತ್ತಲು, ಬೀದಿ ಅಂತ ಸುತ್ತುತ್ತಿತ್ತು. ಈಗ ಶೆಟ್ಟಿಹಳ್ಳಿ ಕಡೆ ಎರಡನೇ ಮಹಡಿಯ ಬಾಡಿಗೆ ಮನೆ. ದಿನವಿಡೀ ಒಳಗೇ ಇರುತ್ತದೆ. ಸೋಫಾ ಚಿಂದಿಯಾಗಿದೆ, ಅನ್ನದ ತಟ್ಟೆಯಲ್ಲೂ ಕೂದಲು. ಪ್ರತಿ ಶನಿವಾರ ಬಿಸಿನೀರಿಗೆ ಡೆಟಾಲ್ ಹಾಕಿ ಸ್ನಾನ ಮಾಡಿಸು ಅಂತ ಅತ್ತೆ. ಉಗುರು ಕತ್ತರಿಸಿಬಿಡು ಅಂತ ಯಜಮಾನರು, ಆದರೆ ಹಿಡಿದುಕೊಳ್ಳೋಕೆ ಮಾತ್ರ ಅವರು ಬರುವುದಿಲ್ಲ. ಇನ್ನೊಂದು ವಿಷಯ. ಹಿಂಗಾಲಿನ ಹತ್ತಿರ ಹೊಟ್ಟೆಯ ಚರ್ಮ ಜೋತು ಬಿದ್ದಿದೆ. ಓಡಿದರೆ ಅತ್ತಿತ್ತ ಅಲ್ಲಾಡುತ್ತದೆ. ಮಕ್ಕಳಾಗದ ಆಪರೇಷನ್ ಆಗಿದೆ, ಹಾಗಾಗಿ ಬಸುರಿ ಅಲ್ಲ. ಬೊಜ್ಜಾ? ಜಂತುಹುಳುವಾ? ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ.

ಮಂಡಿಪೇಟೆ ವ್ಯಾಪಾರಿ:
ನಮ್ಮ ಮಂಡಿಯಲ್ಲಿ ತಾತನ ಕಾಲದಿಂದ ಕೊತ್ತಿ ಸಾಕುತ್ತೇವೆ. ಮೂಟೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಕೊತ್ತಿ. ಒಂದಕ್ಕೂ ಸ್ನಾನ ಮಾಡಿಸಿದವರಿಲ್ಲ, ಉಗುರು ಮುಟ್ಟಿದವರಿಲ್ಲ. ಎಲ್ಲವೂ ಪಳಪಳ ಅಂತಿವೆ. ಗ್ರೂಮಿಂಗ್ ಅಂತೆ. ದುಡ್ಡಿದ್ದವರ ಶೋಕಿ ಅಷ್ಟೇ.

ಸಿರಾ ಗೇಟ್ ಸಿಂಗಂ:
ಬೆಕ್ಕಿಗೆ ಗಂಟೆ ಕಟ್ಟುವವರೇ ಸಿಗಲ್ಲ, ಉಗುರು ಕತ್ತರಿಸೋಕೆ ಯಾರು ಸಿಗ್ತಾರೆ ಅಕ್ಕ 😂

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಅಕ್ಕ, ಮೊದಲು ಆ ಡೆಟಾಲ್ ಬಾಟಲಿ ಎತ್ತಿಡಿ. ಉಳಿದದ್ದು ಆಮೇಲೆ.

ನಾನು ತುಮಕೂರಿನವನೇ, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುತ್ತಿದ್ದೇನೆ. ಇನ್ನೂ ಡಾಕ್ಟರ್ ಆಗಿಲ್ಲ, ಹಾಗಾಗಿ ಔಷಧಿ ಬರೆದುಕೊಡುವುದಿಲ್ಲ. ಆದರೆ ಇದು ಗೊತ್ತಿರಲೇಬೇಕಾದ ವಿಷಯ. ಬೆಕ್ಕಿನ ಲಿವರ್ ನಮ್ಮ ಹಾಗೆ, ನಾಯಿಯ ಹಾಗೆ ಕೆಲಸ ಮಾಡುವುದಿಲ್ಲ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಗೆ ಹಾಕುವ ಶಕ್ತಿ ಅದಕ್ಕೆ ತುಂಬಾ ಕಡಿಮೆ. ಡೆಟಾಲ್ ಆ ಜಾತಿಯದು. ಮೈಗೆ ಏನು ಹಚ್ಚಿದರೂ ಬೆಕ್ಕು ಅದನ್ನು ನೆಕ್ಕಿಯೇ ತೀರುತ್ತದೆ. ಅಂದರೆ ನೀವು ಸ್ನಾನ ಮಾಡಿಸಿದ ಹಾಗಲ್ಲ, ಕುಡಿಸಿದ ಹಾಗೆ.

ನೆಲ ಒರೆಸುವ ಫಿನಾಯಿಲಿಗೂ ಇದೇ ಮಾತು. ಒದ್ದೆ ನೆಲದ ಮೇಲೆ ನಡೆದು ಬಂದು ಪಾದ ನೆಕ್ಕುತ್ತದೆ. ಅದರ ಬದಲು ಬರೀ ನೀರಲ್ಲಿ ಒರೆಸಿ. ಇನ್ನು ಪ್ಯಾರಾಸಿಟಮಾಲ್. ಮೈ ಬಿಸಿ ಇದೆ ಅಂತ ಒಂದೇ ಒಂದು ಮಾತ್ರೆ ಕೊಟ್ಟರೂ ಬೆಕ್ಕು ಸಾಯಬಹುದು. ಅಷ್ಟಕ್ಕೂ ಬೆಕ್ಕಿನ ಮೈ ನಮಗಿಂತ ಬಿಸಿಯೇ ಇರುತ್ತದೆ. ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಮಾಮೂಲು.

ಕುಣಿಗಲ್ ಕುದುರೆ:
ನಮ್ಮ ನಾಯಿಗೆ ವರ್ಷಗಟ್ಟಲೆ ಡೆಟಾಲ್ ಸೋಪು ಹಾಕಿದ್ದೇವೆ. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಅಣ್ಣ, ನಾಯಿ ಅಂತ ನೀವೇ ಹೇಳಿದಿರಲ್ಲ. ಬೆಕ್ಕು ಚಿಕ್ಕ ಸೈಜಿನ ನಾಯಿ ಅಲ್ಲ. ನಾಯಿಗೆ ಕುತ್ತಿಗೆಯ ಹಿಂದೆ ಹಾಕುವ ಚಿಗಟದ ಡ್ರಾಪ್ಸ್ ಇದೆಯಲ್ಲ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ನಡುಕ, ಫಿಟ್ಸ್ ಬರುತ್ತದೆ. ಹಳ್ಳಿಯಲ್ಲಿ ಹಸುವಿನ ಉಣ್ಣೆಗೆ ತಂದ ಔಷಧಿಯನ್ನು ನೀರಿಗೆ ಬೆರೆಸಿ ಬೆಕ್ಕಿಗೂ ಸವರುತ್ತಾರೆ. ಅದೂ ಸಾಮಾನ್ಯವಾಗಿ ಅದೇ ಗುಂಪಿನದು.

ಪರ್ಷಿಯನ್ ಅಮ್ಮ:
ಸೊಸೆ ಮೇಡಂ, ನಾಟಿ ಬೆಕ್ಕಿಗೆ ಸ್ನಾನವೇ ಬೇಡ. ಎಣ್ಣೆ, ಪೇಂಟು, ಚರಂಡಿ ನೀರು ಮೆತ್ತಿಕೊಂಡು ಬಂದರೆ ಮಾತ್ರ. ಅದಕ್ಕೂ ನಮ್ಮ ಶಾಂಪೂ ಬೇಡ. ಬೆಕ್ಕಿನ ಚರ್ಮಕ್ಕೆ ಅಂತಲೇ ಬೇರೆ ಸಿಗುತ್ತದೆ. ಉಗುರು ಬೆಚ್ಚಗಿನ ನೀರು, ಕಿವಿಗೆ ಮುಖಕ್ಕೆ ನೀರು ಬೀಳಬಾರದು, ಕೊನೆಗೆ ಸೋಪು ಉಳಿಯದ ಹಾಗೆ ತೊಳೆದು ಟವೆಲಿನಲ್ಲಿ ಒರೆಸಬೇಕು. ಕೂದಲು ಉದುರುವುದಕ್ಕೆ ಸ್ನಾನ ಮದ್ದಲ್ಲ, ಬಾಚಣಿಗೆ ಮದ್ದು. ವಾರಕ್ಕೆ ಎರಡು ಸಲ ಬಾಚಿ, ತಟ್ಟೆಯಲ್ಲಿ ಕೂದಲು ಬೀಳುವುದು ತಾನಾಗೇ ಕಡಿಮೆಯಾಗುತ್ತದೆ.

ನಮ್ಮ ಮನೆಯಲ್ಲಿ ಪರ್ಷಿಯನ್ ಎರಡಿವೆ, ಎಸ್.ಎಸ್. ಪುರಂನಲ್ಲಿ. ಇವುಗಳ ಕಥೆ ಬೇರೆ. ದಿನಾ ಬಾಚದಿದ್ದರೆ ಕಂಕುಳಲ್ಲಿ, ಕಿವಿಯ ಹಿಂದೆ, ತೊಡೆಯ ಸಂದಿನಲ್ಲಿ ಕೂದಲು ಜಡೆಗಟ್ಟುತ್ತದೆ. ಆ ಗಂಟನ್ನು ಕತ್ತರಿಯಲ್ಲಿ ಕತ್ತರಿಸೋಕೆ ಹೋಗಬೇಡಿ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟು ಎಳೆದರೆ ಚರ್ಮವೂ ಮೇಲೆ ಬರುತ್ತದೆ, ಎಲ್ಲಿ ಕೂದಲು ಮುಗಿದು ಎಲ್ಲಿ ಚರ್ಮ ಶುರುವಾಯಿತು ಗೊತ್ತೇ ಆಗಲ್ಲ. ಬೆಂಗಳೂರಿನ ಒಂದು ಪಾರ್ಲರಿನವರು ಹೀಗೇ ಕತ್ತರಿ ಹಾಕಿ ನಮ್ಮ ಹೆಣ್ಣು ಬೆಕ್ಕಿನ ಕಂಕುಳು ಸೀಳಿ ಕಳಿಸಿದರು. ಹೊಲಿಗೆ ಹಾಕಿಸಬೇಕಾಯಿತು. ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರು, ಸಾರಿ ಅನ್ನಲೂ ಇಲ್ಲ.

ಮಂಡಿಪೇಟೆ ವ್ಯಾಪಾರಿ:
ಅದನ್ನೇ ಹೇಳಿದ್ದು. ನಾಟಿ ಸಾಕಿ, ತಲೆನೋವಿಲ್ಲ.

ಪರ್ಷಿಯನ್ ಅಮ್ಮ:
ನಿಮ್ಮ ಕೊತ್ತಿಗೆ ಹಗಲೂ ರಾತ್ರಿ ಮೂಟೆ ಹತ್ತಿ ಇಳಿಯುವ ಕೆಲಸ ಇದೆ ಸಾರ್. ರಾಣಿಗೆ ಏನಿದೆ, ಟಿವಿ ನೋಡುವುದು. ಉಗುರು ಎಲ್ಲಿ ಸವೆಯಬೇಕು?

ಗುಬ್ಬಿ ಟೀಚರ್:
ನಾನು ಹೈಸ್ಕೂಲಿನಲ್ಲಿ ಬಯಾಲಜಿ ಟೀಚರ್. ಬೆಕ್ಕಿನ ನಾಲಿಗೆ ಬಗ್ಗೆ ಹೇಳದೆ ಇರಲಾರೆ. ಅದು ನಿಮ್ಮ ಕೈ ನೆಕ್ಕಿದಾಗ ಗರಗರ ಅನ್ನಿಸುತ್ತದೆ ಅಲ್ವಾ? ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರಿನಲ್ಲಿರುವ ಕೆರಟಿನ್‌ನಿಂದಲೇ ಆದವು. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನವರು ಒಂದು ವಿಷಯ ಕಂಡುಕೊಂಡರು. ಈ ಮುಳ್ಳುಗಳ ತುದಿಯಲ್ಲಿ ಸಣ್ಣ ಗುಳಿ ಇದೆ. ಅದರಲ್ಲಿ ಎಂಜಲು ತುಂಬಿಕೊಂಡು ಕೂದಲಿನ ಬುಡದವರೆಗೆ ಹೋಗುತ್ತದೆ. ಮೈ ಶುದ್ಧವಾಗುತ್ತದೆ, ಎಂಜಲು ಆರುವಾಗ ಮೈ ತಂಪೂ ಆಗುತ್ತದೆ. ಬೆಕ್ಕು ಬೆವರುವುದು ಹೆಚ್ಚಾಗಿ ಪಾದದ ಮೆತ್ತೆಯಲ್ಲಿ ಮಾತ್ರ. ಏಪ್ರಿಲ್ ಬಿಸಿಲಲ್ಲಿ ನಾಯಿ ತೇಕಿದರೆ ಸರಿ. ಬೆಕ್ಕು ಸುಮ್ಮನೆ ಕೂತಲ್ಲೇ ಬಾಯಿ ತೆರೆದು ತೇಕುತ್ತಿದ್ದರೆ ಅದು ಸರಿಯಲ್ಲ, ತೋರಿಸಬೇಕು.

ಮುಳ್ಳು ಒಳಮುಖ ಇರುವುದರಿಂದ ಇನ್ನೊಂದು ತೊಂದರೆ. ನಾಲಿಗೆಗೆ ಸಿಕ್ಕಿದ್ದನ್ನು ಬೆಕ್ಕು ಉಗಿಯಲಾರದು, ನುಂಗುತ್ತದೆ. ಕೂದಲನ್ನೂ ಹಾಗೇ. ಆ ಕೂದಲು ಉಂಡೆಯಾಗಿ ಆಗಾಗ ವಾಂತಿಯಲ್ಲಿ ಬರುವುದು.

ತಿಪಟೂರು ತೆಂಗು:
ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೂವಿನ ದಾರ! ಹಬ್ಬದ ಮಾರನೇ ದಿನ ಬಾಡಿದ ಹಾರ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ನಮ್ಮ ಚಿಕ್ಕಮ್ಮನ ಮನೆಯ ಬೆಕ್ಕು ಮಲ್ಲಿಗೆ ಕಟ್ಟಿದ್ದ ದಾರ ನುಂಗಿತ್ತು. ಹಿಂದಿನಿಂದ ತುದಿ ಕಾಣುತ್ತಿತ್ತು, ಚಿಕ್ಕಮ್ಮ ಎಳೆಯೋಕೆ ಹೊರಟಿದ್ದರು. ಪುಣ್ಯಕ್ಕೆ ಪಕ್ಕದ ಮನೆಯವರು ತಡೆದರು. ದಾರದ ಇನ್ನೊಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಕರುಳೇ ಕುಯ್ದುಹೋಗುತ್ತದಂತೆ.

ಹೆಬ್ಬಾಳದ ವೆಟ್ ಸ್ಟೂಡೆಂಟ್:
ನೂರಕ್ಕೆ ನೂರು ನಿಜ. ಬಾಯಲ್ಲಿ ಕಂಡರೂ ಹಿಂದೆ ಕಂಡರೂ ದಾರ ಎಳೆಯಬಾರದು. ನೇರ ಡಾಕ್ಟರ್ ಹತ್ತಿರ. ಟೈಲರಿಂಗ್ ಮಾಡುವವರ ಮನೆಯಲ್ಲಂತೂ ಸೂಜಿ ಸಮೇತ ನುಂಗುತ್ತವೆ.

ಈಗ ಉಗುರಿನ ವಿಷಯ. ಬೆಕ್ಕಿಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಬೆರಳಿನ ಕೊನೆಯ ಮೂಳೆಯಿಂದಲೇ ಉಗುರು ಬೆಳೆದಿರುತ್ತದೆ. ಬೆಕ್ಕು ಸುಮ್ಮನಿದ್ದಾಗ ಎಲಾಸ್ಟಿಕ್ ತರದ ನಾರು ಅದನ್ನು ಒಳಗೆ ಹಿಡಿದಿರುತ್ತದೆ. ಬೇಕೆಂದಾಗ ಬೆಕ್ಕು ಸ್ನಾಯು ಎಳೆದು ಹೊರಗೆ ಚಾಚುತ್ತದೆ. ನೀವೂ ಅದನ್ನೇ ಮಾಡಬೇಕು. ಬೆರಳಿನ ಮೇಲೆ ಹೆಬ್ಬೆರಳು, ಕೆಳಗಿನ ಮೆತ್ತೆಯ ಮೇಲೆ ತೋರುಬೆರಳು ಇಟ್ಟು ಮೆಲ್ಲಗೆ ಒತ್ತಿ. ಉಗುರು ತಾನಾಗಿ ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ತಿಳಿಗುಲಾಬಿ ಬಣ್ಣ ಕಾಣುತ್ತದೆ. ಅಲ್ಲಿ ರಕ್ತನಾಳ, ನರ ಇದೆ. ಅಲ್ಲಿಗೆ ಕತ್ತರಿ ಹೋಗಬಾರದು. ಮುಂದಿನ ಚೂಪು ಕೊಕ್ಕೆ ಇದೆಯಲ್ಲ, ಅಷ್ಟನ್ನು ಮಾತ್ರ ಕತ್ತರಿಸಿ. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲುತ್ತದೆ.

ಊಟ ಮಾಡಿ ತೂಕಡಿಸುತ್ತಿರುವಾಗ ಶುರುಮಾಡಿ. ಮೊದಲ ಕೆಲವು ದಿನ ಬರೀ ಪಾದ ಒತ್ತಿ ಬಿಟ್ಟುಬಿಡಿ, ಕತ್ತರಿ ಬೇಡ. ಒಂದೇ ಸಲ ಎಲ್ಲ ಮುಗಿಸಬೇಕು ಅಂತ ಹಠ ಹಿಡಿಯಬೇಡಿ. ದಿನಕ್ಕೆ ಎರಡು ಉಗುರು ಆದರೂ ಸಾಕು. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ಬೇಡ. ತಾಯಿ ಹಾಗೆ ಎತ್ತುವುದು ಪುಟ್ಟ ಮರಿಯನ್ನು. ಬೆಳೆದ ಬೆಕ್ಕಿಗೆ ನೋವು, ಭಯ ಎರಡೂ ಆಗುತ್ತದೆ.

ಸಿರಾ ಗೇಟ್ ಸಿಂಗಂ:
ಉಗುರನ್ನೇ ಪರ್ಮನೆಂಟಾಗಿ ತೆಗೆಸುವ ಆಪರೇಷನ್ ಇದೆಯಂತೆ, ಅಮೆರಿಕದಲ್ಲಿ ಮಾಡಿಸುತ್ತಾರಂತೆ. ಸೋಫಾ ಉಳಿಯುತ್ತೆ.

ಗುಬ್ಬಿ ಟೀಚರ್:
ಉಗುರು ಮೂಳೆಗೆ ಅಂಟಿದೆ ಅಂತ ಈಗಷ್ಟೇ ಹೇಳಿದರಲ್ಲಪ್ಪ. ಉಗುರು ತೆಗೆಯುವುದು ಅಂದರೆ ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುವುದು. ಬೆಕ್ಕು ನಡೆಯುವುದೇ ಬೆರಳ ಮೇಲೆ. ಬ್ರಿಟನ್ನಿನಲ್ಲಿ ಅದಕ್ಕೆ ಕಾನೂನೇ ಅಡ್ಡ ಇದೆ. ನಿನ್ನ ಸೋಫಾಗೆ ಅಷ್ಟು ಬೆಲೆಯಾ?

ಸಿರಾ ಗೇಟ್ ಸಿಂಗಂ:
ಕೇಳಿದ್ದು ಅಷ್ಟೇ ಮೇಡಂ, ಬೈಬೇಡಿ 🙏

ತಿಪಟೂರು ತೆಂಗು:
ಸೋಫಾ ಉಳಿಸೋಕೆ ನಮ್ಮೂರಿನ ಮದ್ದು ಇದೆ. ಒಂದು ಗಟ್ಟಿ ಮರದ ತುಂಡು, ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಕೆಳಗೆ ಅಗಲವಾದ ಹಲಗೆ ಹೊಡೆಯಿರಿ. ಬೆಕ್ಕು ಮೈ ಚಾಚಿ ನಿಂತರೂ ಮೇಲೆ ಉಳಿಯುವಷ್ಟು ಎತ್ತರ ಇರಬೇಕು. ಅಲ್ಲಾಡಿದರೆ ಅದು ಮತ್ತೆ ಆ ಕಡೆ ತಲೆ ಹಾಕಲ್ಲ. ಈಗ ಕೆರೆಯುತ್ತಿರುವ ಸೋಫಾದ ಮೂಲೆಯಲ್ಲೇ ಇಡಿ. ಆನ್‌ಲೈನಲ್ಲಿ ಕೊಳ್ಳುವುದು ದಂಡ.

ಶೆಟ್ಟಿಹಳ್ಳಿ ಸೊಸೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸೋಫಾ ಹತ್ತಿರ ಉಗುರಿನ ಆಕಾರದ್ದೇ ಸಿಪ್ಪೆಗಳು ಸಿಗುತ್ತಿವೆ. ಒಳಗೆ ಟೊಳ್ಳು. ಉಗುರು ಕಿತ್ತು ಬರ್ತಿದೆಯಾ ಅಂತ ಭಯ. ಮತ್ತೆ ಹೊಟ್ಟೆಯ ವಿಷಯ ಯಾರೂ ಹೇಳಲೇ ಇಲ್ಲ.

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಭಯ ಬೇಡ ಅಕ್ಕ. ಹಳೆಯ ಹೊರಪದರ ಕಳಚಿ ಬೀಳುವುದು ಅದು, ಒಳಗೆ ಹೊಸದು ರೆಡಿ ಇರುತ್ತದೆ. ಬೆಕ್ಕು ಕೆರೆಯುವುದಕ್ಕೆ ಅದೂ ಒಂದು ಕಾರಣ. ಮುಂಗಾಲಿನ ಒಳಬದಿಯಲ್ಲಿ, ಹೆಬ್ಬೆರಳಿನ ಜಾಗದಲ್ಲಿ, ನೆಲಕ್ಕೆ ತಾಗದ ಒಂದು ಉಗುರು ಇದೆ. ಅದನ್ನು ಮಾತ್ರ ತಪ್ಪದೆ ನೋಡಿ. ವಯಸ್ಸಾದ ಬೆಕ್ಕಿಗೆ ಅದು ಸವೆಯದೆ ಸುತ್ತಿಕೊಂಡು ಮೆತ್ತೆಯೊಳಗೇ ಚುಚ್ಚುತ್ತದೆ. ಚುಚ್ಚಿ ಕೀವಾಗಿದ್ದರೆ ಮನೆಯಲ್ಲಿ ಎಳೆಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೊಟ್ಟೆಯ ಕೆಳಗಿನ ಜೋಲು ಚರ್ಮ ಹುಟ್ಟುಗುಣ. ಸಿಂಹ, ಹುಲಿಗೂ ಕಾಣಿಸುತ್ತದೆ. ಜಗಳದಲ್ಲಿ ಹಿಂಗಾಲಿನ ಒದೆತದಿಂದ ಹೊಟ್ಟೆಗೆ ರಕ್ಷಣೆ, ಓಡುವಾಗ ಮೈ ಉದ್ದ ಚಾಚೋಕೆ ಅನುಕೂಲ ಅಂತ ಹೇಳುತ್ತಾರೆ. ಬೊಜ್ಜು ಹೌದೋ ಅಲ್ಲವೋ ತಿಳಿಯಲು ಪಕ್ಕೆಲುಬು ಮುಟ್ಟಿ ನೋಡಿ. ಮೆಲ್ಲಗೆ ಸವರಿದರೆ ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಜಂತುಹುಳು ಜಾಸ್ತಿಯಾದ ಮರಿಗಳ ಹೊಟ್ಟೆ ಬೇರೆ ತರ, ಗುಂಡಗೆ ಬಿಗಿದುಕೊಂಡಿರುತ್ತದೆ.

ಕುಣಿಗಲ್ ಕುದುರೆ:
ರಾಣಿ ಮೂರು ಬಣ್ಣದ್ದು ಅಂದಿರಿ. ಮೂರು ಬಣ್ಣ ಇದ್ದರೆ ಹೆಣ್ಣೇ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದು ನಿಜವಾ, ಅಜ್ಜಿ ಕಥೆಯಾ?

ಗುಬ್ಬಿ ಟೀಚರ್:
ಅಜ್ಜಿ ಸರಿ. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಕೇಸರಿ, ಕಪ್ಪು ಎರಡೂ ಒಂದೇ ಮೈಯಲ್ಲಿ ಬರಬೇಕಾದರೆ ಎರಡು ಎಕ್ಸ್ ಬೇಕು. ಗಂಡಿಗೆ ಇರುವುದು ಒಂದೇ. ಎಕ್ಸ್ ಎಕ್ಸ್ ವೈ ಆಗಿ ಹುಟ್ಟಿದ ಗಂಡು ಅಪರೂಪಕ್ಕೆ ಸಿಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ.

ತಟ್ಟೆಇಡ್ಲಿ ಪ್ರೇಮಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕ್ಯಾತ್ಸಂದ್ರದಿಂದ. ನಮ್ಮ ಗಂಡು ಬೆಕ್ಕು ನಿನ್ನೆ ರಾತ್ರಿಯಿಂದ ಹಿಂದೆ ನೆಕ್ಕಿಕೊಳ್ಳುವುದೇ ಕೆಲಸ ಮಾಡಿಕೊಂಡಿದೆ. ಮರಳಿನ ಟ್ರೇಗೆ ಹೋಗಿ ಕೂರುತ್ತದೆ, ಕೂಗುತ್ತದೆ, ಏನೂ ಬರಲ್ಲ. ಮಲಬದ್ಧತೆ ಇರಬೇಕು ಅಂತ ಅಮ್ಮ ಹರಳೆಣ್ಣೆ ಕುಡಿಸೋಣ ಅನ್ನುತ್ತಿದ್ದಾರೆ. ಎಷ್ಟು ಚಮಚ ಹಾಕಬಹುದು?

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಹರಳೆಣ್ಣೆ ಬೇಡ. ಈಗಲೇ ಹೊರಡಿ. ಇದು ಬಹುಶಃ ಮೂತ್ರ ಕಟ್ಟಿರುವುದು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಕಿರಿದು. ಹರಳು, ಲೋಳೆ ಅಡ್ಡ ಬಂದರೆ ಪೂರ್ತಿ ಮುಚ್ಚಿಹೋಗುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಹೊಟ್ಟೆ ಒತ್ತಿ ನೋಡಬೇಡಿ. ಫೋನ್ ಮಾಡಿ, ಬೆಕ್ಕಿಗೆ ಟ್ಯೂಬ್ ಹಾಕುವ ಡಾಕ್ಟರ್ ಇದ್ದಾರಾ ಕೇಳಿಕೊಂಡೇ ಹೋಗಿ. ಇಲ್ಲ ಅಂದರೆ ಕಾಯಬೇಡಿ, ಸೀದಾ ಬೆಂಗಳೂರಿಗೆ ಹೊರಡಿ.

ಪರ್ಷಿಯನ್ ಅಮ್ಮ:
ಬುಟ್ಟಿ ಇಲ್ಲದಿದ್ದರೆ ದಿಂಬಿನ ಕವರಿನಲ್ಲಿ ಹಾಕಿಕೊಂಡು ಹೋಗಿ. ತಡ ಮಾಡಬೇಡಪ್ಪ.

ಮಂಡಿಪೇಟೆ ವ್ಯಾಪಾರಿ:
ಬಿ.ಎಚ್. ರೋಡಿನಲ್ಲಿ ಈ ಹೊತ್ತಿಗೆ ಟ್ರಾಫಿಕ್. ರಿಂಗ್ ರೋಡ್ ಹಿಡಿಯಿರಿ.

ಅಶೋಕ ರಸ್ತೆ ಅಕ್ಕ:
ನಮ್ಮನೆ ಮಗು ಬೆಕ್ಕಿನ ಮೀಸೆಯನ್ನು ಒಂದು ಕಡೆ ಕತ್ತರಿಸಿಬಿಟ್ಟಿದೆ 🤦 ಮತ್ತೆ ಬರುತ್ತಾ? ಜಿಗಿಯೋಕೆ ಹಿಂಜರಿಯುತ್ತಿದೆ.

ಗುಬ್ಬಿ ಟೀಚರ್:
ಬರುತ್ತದೆ, ಕೆಲವು ವಾರ ಬೇಕು. ಮೀಸೆ ಬರೀ ಕೂದಲಲ್ಲ. ಬುಡ ಆಳಕ್ಕೆ ಇಳಿದಿದೆ, ಸುತ್ತ ನರಗಳಿವೆ. ಬೆಕ್ಕಿಗೆ ಮೂಗಿನ ತುದಿಯ ಹತ್ತಿರದ ವಸ್ತು ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಮೀಸೆಯೇ ಕಣ್ಣಿನ ಕೆಲಸ ಮಾಡುತ್ತದೆ. ಮುಂಗಾಲಿನ ಹಿಂಭಾಗ, ಮಣಿಕಟ್ಟಿನ ಹತ್ತಿರವೂ ಇಂಥ ಉದ್ದ ಕೂದಲಿದೆ, ಹುಡುಕಿ ನೋಡಿ. ಹಿಡಿದ ಇಲಿ ಇನ್ನೂ ಒದ್ದಾಡುತ್ತಿದೆಯಾ ಅಂತ ತಿಳಿಯೋಕೆ. ಮೀಸೆ ಬರುವ ತನಕ ಮನೆಯ ಸಾಮಾನು ಜಾಗ ಬದಲಿಸಬೇಡಿ.

ಅಶೋಕ ರಸ್ತೆ ಅಕ್ಕ:
ಥ್ಯಾಂಕ್ಸ್ ಟೀಚರ್. ಇನ್ನೊಂದು. ಕಿವಿಯ ಹೊರ ಅಂಚಿನಲ್ಲಿ, ಬುಡದ ಹತ್ತಿರ ಸಣ್ಣ ಜೇಬಿನ ತರ ಸೀಳಿದೆ. ಎರಡೂ ಕಿವಿಯಲ್ಲಿ. ಮಗುವೇ ಕತ್ತರಿಸಿತಾ ಅಂತ ಅನುಮಾನ.

ಪರ್ಷಿಯನ್ ಅಮ್ಮ:
ಮಗುವನ್ನು ಬಿಟ್ಟುಬಿಡಿ, ಎಲ್ಲ ಬೆಕ್ಕಿಗೂ ಅದು ಇದೆ 😄 ಚಿಗಟ, ಉಣ್ಣೆ ಅಲ್ಲಿ ಅಡಗುತ್ತವೆ, ಆಗಾಗ ಬಿಡಿಸಿ ನೋಡಿ. ಕಿವಿಯೊಳಗೆ ಮಾತ್ರ ಬಡ್ಸ್ ಹಾಕಬೇಡಿ. ಕಿವಿಯ ದಾರಿ ಕೆಳಗೆ ಇಳಿದು ಆಮೇಲೆ ಒಳಗೆ ತಿರುಗುತ್ತದೆ, ಕೊಳೆಯನ್ನು ಇನ್ನೂ ಒಳಗೆ ತಳ್ಳಿದ ಹಾಗಾಗುತ್ತದೆ. ಕಾಣುವಷ್ಟನ್ನು ಹತ್ತಿಯಲ್ಲಿ ಒರೆಸಿದರೆ ಸಾಕು. ಕಾಫಿ ಚರಟದಂಥ ಕಪ್ಪು ಪುಡಿ ತುಂಬಿದ್ದು, ಕೆರೆದುಕೊಳ್ಳುತ್ತಿದ್ದರೆ ಕಿವಿಯ ಹುಳು ಇರಬಹುದು. ಔಷಧಿ ಬೇಕು. ಬಿಸಿ ಎಣ್ಣೆ ಹುಯ್ಯಬೇಡಿ.

ಸಿರಾ ಗೇಟ್ ಸಿಂಗಂ:
ಚಿಗಟಕ್ಕೆ ಏನು ಮಾಡೋದು? ನಾಯಿ ಔಷಧಿ ಬೇಡ, ಹಸು ಔಷಧಿ ಬೇಡ, ಡೆಟಾಲ್ ಬೇಡ. ಮಂತ್ರ ಹಾಕಿಸಬೇಕಾ?

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಮಂತ್ರ ಬೇಡ ಗುರು, ಹೇನಿನ ಬಾಚಣಿಗೆ ಸಾಕು. ಸೊಂಟದ ಮೇಲೆ, ಬಾಲದ ಬುಡದಲ್ಲಿ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಬರೀ ಮಣ್ಣಾದರೆ ಹಾಗೇ ಇರುತ್ತದೆ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ರಕ್ತ. ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಬೆಕ್ಕು ಮಲಗುವ ಚಾಪೆ, ಹಾಸಿಗೆ ಬಿಸಿನೀರಲ್ಲಿ ಒಗೆಯಿರಿ. ಮೊಟ್ಟೆ, ಮರಿ ಎಲ್ಲ ಅಲ್ಲೇ ಇರುತ್ತವೆ. ಜಾಸ್ತಿ ಇದ್ದರೆ ಬೆಕ್ಕಿಗೆ ಅಂತಲೇ ಬರುವ ಡ್ರಾಪ್ಸ್, ತೂಕ ನೋಡಿ ಡಾಕ್ಟರ್ ಕೊಡುತ್ತಾರೆ. ನೆಕ್ಕುವಾಗ ಚಿಗಟ ನುಂಗಿದರೆ ಲಾಡಿಹುಳು ಬರುತ್ತದೆ, ಆದ್ದರಿಂದ ಜಂತುಹುಳು ಮಾತ್ರೆಯೂ ಕೇಳಿ.

ಕೂದಲು ದುಂಡಗೆ ಉದುರಿ ಚರ್ಮದಲ್ಲಿ ಹೊಟ್ಟು ಕಂಡರೆ ಹುಳುಕಡ್ಡಿ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ. ಮಕ್ಕಳಿರುವ ಮನೆಯವರು ತಡ ಮಾಡಬೇಡಿ.

ಮಂಡಿಪೇಟೆ ವ್ಯಾಪಾರಿ:
ಒಂದು ಮಾತು. ನಮ್ಮ ಹಳೆಯ ಕೊತ್ತಿ ಈಚೆಗೆ ಮೈ ನೆಕ್ಕುವುದೇ ಬಿಟ್ಟಿದೆ. ಸೊಂಟದ ಹತ್ತಿರ ಕೂದಲು ಅಂಟಂಟು. ವಯಸ್ಸಾಯಿತು, ಸೋಮಾರಿ ಆಗಿದೆ ಅಂತ ಬಿಟ್ಟಿದ್ದೇವೆ.

ಪರ್ಷಿಯನ್ ಅಮ್ಮ:
ಬೆಕ್ಕಿಗೆ ಆ ತರ ಸೋಮಾರಿತನ ಇಲ್ಲ ಸಾರ್. ಎಚ್ಚರ ಇರುವ ಹೊತ್ತಿನ ದೊಡ್ಡ ಪಾಲು ಮೈ ನೆಕ್ಕೋಕೇ ಹೋಗುತ್ತದೆ. ಬಿಟ್ಟಿದೆ ಅಂದರೆ ಎಲ್ಲೋ ನೋವಿದೆ. ವಯಸ್ಸಾಗಿದ್ದರೆ ಕೀಲುನೋವು, ಸೊಂಟ ತಿರುಗಿಸೋಕೆ ಆಗಲ್ಲ. ಇಲ್ಲದಿದ್ದರೆ ಹಲ್ಲು. ಬಾಯಿ ವಾಸನೆ ಬರ್ತಿದೆಯಾ ನೋಡಿ. ನಿಮ್ಮ ಪೇಸ್ಟಿನಲ್ಲಿ ಉಜ್ಜೋಕೆ ಹೋಗಬೇಡಿ ಮತ್ತೆ.

ಮಂಡಿಪೇಟೆ ವ್ಯಾಪಾರಿ:
ವಾಸನೆ ಇದೆ. ಹಾಲು ಅನ್ನ ಬಿಟ್ಟು ಗಟ್ಟಿ ಏನೂ ತಿನ್ನಲ್ಲ.

ಗುಬ್ಬಿ ಟೀಚರ್:
ಬರೀ ಹಾಲು ಅನ್ನವಾ! ಮೂಟೆಗಟ್ಟಲೆ ವ್ಯಾಪಾರ ಮಾಡುತ್ತೀರಿ, ಬೆಕ್ಕಿಗೆ ಒಂದು ಮೊಟ್ಟೆ ಇಲ್ಲವಾ? ಬೆಕ್ಕು ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಹೃದಯ ಕೆಡುತ್ತದೆ ಅಂತ 1987ರಲ್ಲೇ ಪತ್ತೆಯಾಗಿದೆ, ಕಣ್ಣೂ ಕೆಡುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದೂ ಇಲ್ಲ.

ಮಂಡಿಪೇಟೆ ವ್ಯಾಪಾರಿ:
ನಮ್ಮದು ಲಿಂಗಾಯತರ ಮನೆ ಮೇಡಂ, ಮಾಂಸ ಒಳಗೆ ತರುವ ಹಾಗಿಲ್ಲ. ಇಷ್ಟು ದಿನ ಇಲಿ ತಿಂದುಕೊಂಡಿತ್ತು, ಈಗ ಹಿಡಿಯಲ್ಲ.

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಪ್ಯಾಕೆಟ್ ಬೆಕ್ಕಿನ ಆಹಾರ ಅಂಗಡಿಯಲ್ಲೇ ಇಟ್ಟು ಹಾಕಿ ಸಾರ್, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಮೆತ್ತನೆಯದು ತನ್ನಿ. ಮೊದಲು ಬಾಯಿ ತೋರಿಸಿ.

ತಟ್ಟೆಇಡ್ಲಿ ಪ್ರೇಮಿ:
ಅಪ್ಡೇಟ್. ಮೂತ್ರವೇ ಕಟ್ಟಿತ್ತು. ಟ್ಯೂಬ್ ಹಾಕಿ ತೆಗೆದಿದ್ದಾರೆ, ರಕ್ತ ಮಿಶ್ರ. ಡ್ರಿಪ್ ಹೋಗುತ್ತಿದೆ. ಎರಡು ಮೂರು ದಿನ ಇಲ್ಲೇ ಇರಬೇಕಂತೆ. ಮನೆಗೆ ಬಂದಮೇಲೆ ಏನು ಮಾಡಬೇಕು?

ಹೆಬ್ಬಾಳದ ವೆಟ್ ಸ್ಟೂಡೆಂಟ್:
ನೀರು ಹೊಟ್ಟೆಗೆ ಹೋಗಬೇಕು, ಅದೇ ಮುಖ್ಯ. ಒಣ ಕಾಳಿನ ಬದಲು ಒದ್ದೆ ಆಹಾರ. ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ, ಟ್ರೇಯಿಂದ ದೂರ. ಇದು ಮತ್ತೆ ಬರುವ ಕಾಯಿಲೆ. ದಿನಾ ಟ್ರೇಯಲ್ಲಿ ಮೂತ್ರ ಬಿದ್ದು ಮರಳು ಉಂಡೆಯಾಗಿದೆಯಾ ನೋಡಿಕೊಳ್ಳಿ.

ಸಿರಾ ಗೇಟ್ ಸಿಂಗಂ:
ನಾನು ಈ ಥ್ರೆಡ್ ಓದಿ ಹುರುಪಿನಲ್ಲಿ ನಮ್ಮ ಬೀದಿ ಬೆಕ್ಕಿನ ಪಾದ ಒತ್ತಿ ನೋಡಿದೆ. ಉಗುರು ಚೆನ್ನಾಗೇ ಹೊರಗೆ ಬಂತು. ಕೈಯಲ್ಲಿ ನಾಲ್ಕು ಗೆರೆ, ರಕ್ತ. ಅರಿಶಿನ ಹಚ್ಚಿದ್ದೇನೆ.

ಗುಬ್ಬಿ ಟೀಚರ್:
ಅರಿಶಿನ ತೊಳಿ. ನಲ್ಲಿ ನೀರು ಬಿಟ್ಟುಕೊಂಡು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಬೀದಿ ಬೆಕ್ಕು, ರಕ್ತ ಬಂದಿದೆ, ಇವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ತಗೋ. ಟಿಟಿ ಬಗ್ಗೆಯೂ ಕೇಳು. ಜೋಕ್ ಮಾಡಬೇಡ.

ಸಿರಾ ಗೇಟ್ ಸಿಂಗಂ:
ಹೊರಟೆ ಮೇಡಂ. ಹೊಟ್ಟೆಗೆ ಹಾಕ್ತಾರಾ?

ಹೆಬ್ಬಾಳದ ವೆಟ್ ಸ್ಟೂಡೆಂಟ್:
ಹೊಟ್ಟೆಗೆ ಹಾಕುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು ಗುರು. ತೋಳಿಗೆ ಹಾಕುತ್ತಾರೆ. ಕೊಟ್ಟ ತಾರೀಖಿಗೆಲ್ಲ ತಪ್ಪಿಸದೆ ಹೋಗು.